ಮನೆಯೊಳಗೆ ಕಾಣೆಯಾದ ಕೀಟವನ್ನು ಅರಸುವ ಬಗೆ

ಕನ್ನಡ ನಾಡಿನ ರೇಷ್ಮೆ ಸೀಮೆಯಲ್ಲಿ ಹುಳುವನ್ನು ಮನೆಯೊಳಗೇ ಸಾಕುವ ವಾಡಿಕೆ ಬಹುಕಾಲದಿಂದ ನಡೆದುಬಂದಿರುವುದು. ತಟ್ಟೆಯಲ್ಲಿ ಹಿಪ್ಪುನೇರಳೆಯ ಸೊಪ್ಪನ್ನು ಮೇಯುತ್ತಿರುವವರೆಗೆ ಆ ಹುಳು ಎತ್ತಲೂ ಹೋಗದು. ಸೊಪ್ಪಿರುವಲ್ಲಿಯೇ ಅದರ ಲೋಕ. ನಾಲ್ಕು ಜ್ವರಗಳನ್ನು ಕಳೆದು ಹಣ್ಣಾದಾಗ ಮಾತ್ರ ಅದರ ನಡೆ ಬದಲಾಗುವುದು. ಸೊಪ್ಪನ್ನು ತೊರೆದು, ತಲೆಯೆತ್ತಿ ಅತ್ತಿತ್ತ ಆಡಿಸುತ್ತ, ಗೂಡು ಕಟ್ಟಲು ಆಸರೆಯನ್ನು ಅರಸತೊಡಗುವುದು. ಆ ಹೊತ್ತಿನಲ್ಲಿ ಚಂದ್ರಿಕೆಗೆ ಬಿಡುವುದು ತಡವಾದರೆ ತಟ್ಟೆಯ ಅಂಚನ್ನು ದಾಟಿ ಹೊರಟುಬಿಡುವುದುಂಟು. ಅನುಭವವುಳ್ಳ ಗೃಹಿಣಿ ಅಂತಹ ಹುಳುವನ್ನು ಬಯಲಾದ ನೆಲದ ನಡುವೆ ಹುಡುಕಲು ಹೋಗುವುದಿಲ್ಲ. ತಟ್ಟೆಯ ಅಂಚಿನ ಕೆಳಗೆ, ಬಿದಿರಿನ ಸಂದಿನಲ್ಲಿ, ಬುಟ್ಟಿಯ ಮೂಲೆಯಲ್ಲಿ ನೋಡುವಳು. ಎಳೆಯನ್ನು ಸುತ್ತಲೂ ಸಿಕ್ಕಿಸಿ ಹೆಣೆಯಲು ಇಕ್ಕಟ್ಟಾದ ಆಸರೆ ಬೇಕೆಂಬುದನ್ನು ಅವಳು ಬಲ್ಲಳು. ಹುಳುವಿಗೆ ಈಗ ಬೇಕಾದುದು ಯಾವುದು ಎಂಬುದನ್ನು ಅರಿತವರಿಗೆ ಅದು ಎಲ್ಲಿದೆ ಎಂಬುದೂ ಅರ್ಧ ತಿಳಿದಂತೆಯೇ.

ಮನೆಯೊಳಗೆ ಸಾಕಿದ ಯಾವುದೇ ಕೀಟವು ತಪ್ಪಿಸಿಕೊಂಡಾಗ ಅದನ್ನು ಮರಳಿ ಪಡೆಯುವ ವಿದ್ಯೆಯ ಸಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿರುವುದು. ರೇಷ್ಮೆಯ ಹುಳುವನ್ನು ಜನರು ಸಾಕುವುದು ಜೀವನೋಪಾಯಕ್ಕಾಗಿ. ಆದರೆ ಕೇವಲ ಸಂತೋಷಕ್ಕಾಗಿ, ಕುತೂಹಲಕ್ಕಾಗಿ ಕೀಟಗಳನ್ನು ಸಾಕುವ ಪದ್ಧತಿಯೂ ಲೋಕದಲ್ಲಿ ಹಳೆಯದೇ. ಚೀನಾ ದೇಶದಲ್ಲಿ ರಾತ್ರಿ ಮೂಲೆಯಲ್ಲಿ ಕುಳಿತು ಜೀರಿಡುವ ಚಿಮ್ಮಂಡೆಯನ್ನು ಅದರ ನಾದಕ್ಕಾಗಿಯೂ ಕಾಳಗಕ್ಕಾಗಿಯೂ ಸಾಕುತ್ತಿದ್ದರು. ೧೩ನೆಯ ಶತಮಾನದಲ್ಲಿ ದಕ್ಷಿಣ ಸಾಂಗ್ ರಾಜ್ಯದ ಮಂತ್ರಿಯಾಗಿದ್ದ ಜಿಯಾ ಸಿದಾವ್ ಎಂಬವನ ಹೆಸರಿನಲ್ಲಿ ಚಿಮ್ಮಂಡೆಗಳನ್ನು ಕುರಿತ ಗ್ರಂಥವೊಂದು ಪ್ರಸಿದ್ಧವಾಗಿರುವುದು. ಜಪಾನಿನಲ್ಲಿ ಗಂಟೆಯ ದನಿಯಂತೆ ಉಲಿಯುವ ಸುಜುಮುಷಿ ಎಂಬ ಕೀಟವನ್ನು ಪುಟ್ಟ ಪಂಜರಗಳಲ್ಲಿಟ್ಟು ಬೀದಿಯಲ್ಲಿ ಮಾರುವ ವರ್ತಕರಿದ್ದರು. ಲಫ್ಕಾಡಿಯೊ ಹರ್ನ್ ಎಂಬ ಲೇಖಕನು ೧೮೯೮ರಲ್ಲಿ ಪ್ರಕಟವಾದ ತನ್ನ ಗ್ರಂಥವೊಂದರಲ್ಲಿ ಈ ಕೀಟಗಾಯಕರ ವಿಷಯವಾಗಿ ಒಂದು ಪ್ರಬಂಧವನ್ನೇ ಬರೆದಿರುವನು. ಯುರೋಪಿನಲ್ಲಿ, ಅದರಲ್ಲಿಯೂ ಇಂಗ್ಲೆಂಡು, ಜರ್ಮನಿ ಮೊದಲಾದ ದೇಶಗಳ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಮಕ್ಕಳು ಹೆಚ್ಚಾಗಿ ಸಾಕುವುದು ಕಡ್ಡಿಹುಳುವನ್ನು.

ಈ ಕಡ್ಡಿಹುಳುವಿನ ತವರು ದಕ್ಷಿಣ ಭಾರತವೆಂಬುದು ಇಲ್ಲಿ ಸ್ಮರಣೀಯ. ತಮಿಳುನಾಡಿನ ಪಳನಿ ಬೆಟ್ಟಗಳಲ್ಲಿ, ಕೊಡೈಕನಾಲಿನ ಸಮೀಪದ ಶೆಂಬಗನೂರಿನಿಂದ ಯುರೋಪಿಗೆ ಒಯ್ದ ಕೀಟಗಳನ್ನು ಅಭ್ಯಾಸ ಮಾಡಿ, ರೊಬೇರ್ ದ ಸಿನೇಟಿ ಎಂಬ ಫ್ರೆಂಚ್ ವಿದ್ವಾಂಸನು ೧೯೦೧ರಲ್ಲಿ ತನ್ನ ಬೃಹತ್ಪ್ರಬಂಧವನ್ನು ಪ್ರಕಟಿಸಿದನು. ಕಾರೌಸಿಯಸ್ ಮೊರೋಸಸ್ ಎಂಬುದು ಇದರ ಶಾಸ್ತ್ರೀಯ ನಾಮ. ಸುಲಭವಾಗಿ ಬದುಕುವ, ಕಚ್ಚದ, ಹಾರದ, ದುರ್ವಾಸನೆ ಬೀರದ ಈ ಸಾಧು ಜೀವಿ ಕ್ರಮೇಣ ಪ್ರಯೋಗಶಾಲೆಗಳಿಗೂ ಪಾಠಶಾಲೆಗಳಿಗೂ ಹಬ್ಬಿತು. ಆರು ಕಾಲುಗಳ ನಡಿಗೆ ಹೇಗೆ ನಿಯಂತ್ರಿತವಾಗುವುದೆಂಬುದನ್ನು ಜರ್ಮನಿಯ ಉಲ್ರಿಚ್ ಬೆಸ್ಲರ್, ಹೋಲ್ಕ್ ಕ್ರೂಸ ಮೊದಲಾದ ವಿದ್ವಾಂಸರು ಈ ಹುಳುವನ್ನೇ ಇಟ್ಟುಕೊಂಡು ಶೋಧಿಸಿದರು. ಬೆಟ್ಟದ ಪೊದೆಯಲ್ಲಿ ಅಜ್ಞಾತವಾಗಿದ್ದ ಜೀವವೊಂದು ಹೀಗೆ ದೂರದೇಶದ ಮಕ್ಕಳ ಕೋಣೆಯ ಅತಿಥಿಯಾದುದು ವಿಚಿತ್ರವೇ ಸರಿ.

ಅದರ ಹೆಸರಿನಲ್ಲಿಯೇ ಅದರ ಸ್ವಭಾವವು ಅಡಗಿರುವುದು. ಕಡ್ಡಿಹುಳುಗಳ ಗಣಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ಫಾಸ್ಮ ಎಂಬ ಗ್ರೀಕ್ ಶಬ್ದದಿಂದ ಬಂದುದು. ಕಂಡೂ ಕಾಣದಂತಿರುವ ಛಾಯಾರೂಪ, ಭೂತ ಎಂಬುದು ಅದರ ಅರ್ಥ. ಮೊರೋಸಸ್ ಎಂಬುದು ಲ್ಯಾಟಿನ್ ವಿಶೇಷಣ. ಮುನಿಸಿಕೊಂಡು ಮೌನವಾಗಿ ಕುಳಿತವನಿಗೆ ಸಲ್ಲುವಂಥದು. ಬೆಳೆದ ಹೆಣ್ಣು ಸುಮಾರು ೮ರಿಂದ ೧೦ ಸೆಂಟಿಮೀಟರ್ ಉದ್ದವಿರುವುದು. ಬಣ್ಣ ಹಸಿರು ಅಥವಾ ಕಂದು. ಮುಂಗಾಲುಗಳ ಬುಡದ ಒಳಭಾಗದಲ್ಲಿ ಮಾತ್ರ ಕೆಂಪು ಬಣ್ಣವಿರುವುದು. ರೆಕ್ಕೆಗಳಿಲ್ಲ. ಸಾಕಣೆಯಲ್ಲಿರುವವು ಬಹುಮಟ್ಟಿಗೆ ಎಲ್ಲವೂ ಹೆಣ್ಣುಗಳೇ. ಗಂಡಿನ ಸಂಪರ್ಕವಿಲ್ಲದೆಯೇ ಮೊಟ್ಟೆಯಿಟ್ಟು, ಆ ಮೊಟ್ಟೆಗಳಿಂದ ಮರಿಗಳಾಗುವುವು. ಆರು ಬಾರಿ ಪೊರೆ ಬಿಟ್ಟು ಪ್ರಾಯಕ್ಕೆ ಬರುವ ಈ ಹುಳುವಿನ ಆಯುಸ್ಸು ಸುಮಾರು ಒಂದು ವರ್ಷ. ಹಗಲೆಲ್ಲ ಮುಂಗಾಲುಗಳನ್ನು ತಲೆಯ ಮುಂದೆ ನೀಡಿ, ಮೈಯನ್ನು ಕಡ್ಡಿಯಂತೆ ಸೆಟೆದು ನಿಶ್ಚೇಷ್ಟಿತವಾಗಿರುವುದು. ಇರುಳಾದ ಮೇಲೆ ಎದ್ದು ಎಲೆಗಳನ್ನು ಮೇಯುವುದು. ಮುಟ್ಟಿದರೂ ಅಲುಗದೆ, ಕೆಳಗೆ ಬಿದ್ದರೂ ಸತ್ತಂತೆ ಬಿದ್ದುಕೊಂಡಿರುವುದೇ ಅದರ ಆತ್ಮರಕ್ಷಣೆಯ ಉಪಾಯ.

ಇಂತಹ ಜೀವವು ಮನೆಯೊಳಗೆ ಕಾಣೆಯಾದರೆ ಆಗುವ ಕಷ್ಟವನ್ನು ತಿಳಿಯಲು ದೃಷ್ಟಾಂತವಾಗಿ ಇಂಗ್ಲೆಂಡಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹತ್ತು ವರ್ಷದ ಬಾಲಕಿಯೊಬ್ಬಳು ಜಾಳಿಗೆಯ ಮುಚ್ಚಳವುಳ್ಳ ಗಾಜಿನ ಪೆಟ್ಟಿಗೆಯಲ್ಲಿ ಹನ್ನೆರಡು ಕಡ್ಡಿಹುಳುಗಳನ್ನು ಸಾಕಿರುವಳು. ಬೇಲಿಯ ಪ್ರಿವೆಟ್ ಗಿಡದ ಸೊಪ್ಪು, ಐವಿ ಬಳ್ಳಿಯ ಎಲೆ, ಮುಳ್ಳುಪೊದೆಯಾದ ಬ್ರಾಂಬಲ್ಲಿನ ಚಿಗುರು, ಇವು ಅವುಗಳ ಆಹಾರ. ಒಂದು ಮುಂಜಾನೆ ಸೊಪ್ಪು ಬದಲಿಸುವಾಗ ಎಣಿಸಿ ನೋಡಿದರೆ ಹನ್ನೊಂದೇ ಇರುವುವು. ಮುಚ್ಚಳದ ಒಂದು ಮೂಲೆ ಬೆರಳಗಲ ತೆರೆದಿರುವುದು. ಬಾಲಕಿ ಅಳುವಳು, ಒಂದು ಹುಳುವಿಗೆ ಇಷ್ಟೊಂದು ಗೋಳೇಕೆ ಎಂದು ಹಿರಿಯರಿಗೆ ಅನಿಸಬಹುದು.

ಆದರೆ ಆ ಹುಳುವಿನ ಪಾಲಿಗೆ ಇದು ಪ್ರಾಣದ ಪ್ರಶ್ನೆ. ಕಾಡಿನಲ್ಲಿ ದಾರಿ ತಪ್ಪಿದರೆ ಮತ್ತೊಂದು ಗಿಡ ಸಿಕ್ಕೀತು. ಮನೆಯೊಳಗೆ ಸಿಕ್ಕುವುದು ಬಟ್ಟೆ, ಸುಣ್ಣದ ಗೋಡೆ, ಮರದ ಪೀಠೋಪಕರಣಗಳು. ಅದಕ್ಕೆ ಬೇಕಾದ ನೀರು ಬಹುಮಟ್ಟಿಗೆ ಎಲೆಯಿಂದಲೂ ಎಲೆಯ ಮೇಲಣ ಹನಿಗಳಿಂದಲೂ ದೊರೆಯುವುದು. ಚಳಿಗಾಲದಲ್ಲಿ ಕಾಯಿಸಿದ ಕೋಣೆಯ ಒಣ ಹವೆಯಲ್ಲಿ ಎಲೆಯಿಲ್ಲದೆ ಅದು ದಿನದಿನಕ್ಕೆ ಬತ್ತುತ್ತ ಹೋಗುವುದು. ಇದಲ್ಲದೆ ತುಳಿಯುವ ಕಾಲು, ಮುಚ್ಚುವ ಬಾಗಿಲು, ಧೂಳು ಹೀರುವ ಯಂತ್ರ, ಮನೆಯ ಬೆಕ್ಕು, ಮೂಲೆಯ ಜೇಡ, ಹೀಗೆ ಅಪಾಯಗಳು ಹಲವು. ಪೆಟ್ಟಿಗೆಯಲ್ಲಿ ಇಟ್ಟವರು ಮನುಷ್ಯರಾದುದರಿಂದ ಪೆಟ್ಟಿಗೆಯ ಹೊರಗೆ ಅದಕ್ಕೆ ಒದಗುವ ಕೇಡಿಗೂ ಮನುಷ್ಯರೇ ಹೊಣೆ.

ಶೋಧನೆಯ ಮೊದಲ ಕಾರ್ಯವೆಂದರೆ ಅವಸರವನ್ನು ಬಿಡುವುದು. ಕಾಣೆಯಾದ ಕೂಡಲೇ ಮಂಚವನ್ನು ಎಳೆದಾಡಿ, ಪೆಟ್ಟಿಗೆಗಳನ್ನು ಸರಿಸಿ, ನೆಲವನ್ನು ಗುಡಿಸಿದರೆ ಹುಳು ಸಿಕ್ಕುವುದಕ್ಕಿಂತ ನುಜ್ಜುಗುಜ್ಜಾಗುವ ಸಂಭವವೇ ಹೆಚ್ಚು. ಕೋಣೆಯ ಬಾಗಿಲನ್ನು ಮುಚ್ಚುವ ಮುನ್ನ ಅದರ ಸಂದು, ಕೀಲುಗಳ ಬಳಿ, ಮೇಲಂಚು ಇವನ್ನು ನೋಡಬೇಕು. ಆ ಮೇಲೆ ಬಾಗಿಲು ಕಿಟಕಿಗಳನ್ನು ಮೆಲ್ಲನೆ ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಬಟ್ಟೆಯನ್ನು ಒತ್ತರಿಸಬೇಕು. ಬೆಕ್ಕನ್ನು ಹೊರಗಿಡಬೇಕು. ಕಾಲಿಡುವ ನೆಲವನ್ನು ಕಣ್ಣಿನಿಂದ ಗುಡಿಸಿದ ಹೊರತು ಹೆಜ್ಜೆಯಿಡಲಾಗದು. ಕುರ್ಚಿಯ ಮೇಲೆ ಹಾಕಿದ ಅಂಗಿ, ನೆಲದ ಮೇಲೆ ಬಿಟ್ಟ ಪಾದರಕ್ಷೆ, ಹಾಸಿಗೆಯ ಮಡಿಕೆ ಇವನ್ನು ಕೊಡಹದೆ ಒಂದೊಂದಾಗಿ ಬಿಡಿಸಿ ನೋಡಬೇಕು.

ಎರಡನೆಯದಾಗಿ, ಕಾಣೆಯಾದುದು ನಿಜವೇ ಎಂಬುದನ್ನು ಪರೀಕ್ಷಿಸಬೇಕು. ಕಡ್ಡಿಹುಳುವನ್ನು ಸಾಕಿದವರಿಗೆ ಇದು ಹಾಸ್ಯವೆನಿಸದು. ಪೆಟ್ಟಿಗೆಯೊಳಗಿನ ಕೊಂಬೆಗೇ ಅಂಟಿಕೊಂಡಿದ್ದು ಎಣಿಕೆಗೆ ತಪ್ಪಿಹೋಗುವುದು ಇದರ ವಾಡಿಕೆ. ಎರಡು ಹುಳುಗಳು ಒಂದರ ಮೇಲೊಂದು ಮಲಗಿ ಒಂದರಂತೆ ತೋರುವುದೂ ಉಂಟು. ಮುಚ್ಚಳದ ಒಳಮೈ, ಪೆಟ್ಟಿಗೆಯ ಮೂಲೆ, ನೀರಿನ ಕುಡಿಕೆಯ ಹಿಂಬದಿ, ಎಲೆಗಳ ತಳಭಾಗ ಇವನ್ನೆಲ್ಲ ನೋಡಿದ ಬಳಿಕ ತೆಗೆದು ಬಿಸುಟ ಹಳೆಯ ಕೊಂಬೆಗಳ ಕಡೆಗೆ ಗಮನ ಹರಿಯಬೇಕು. ಸೊಪ್ಪು ಬದಲಿಸುವಾಗ ಒಣಗಿದ ಕೊಂಬೆಯೊಡನೆ ಹುಳುವನ್ನೂ ಕಸದ ಬುಟ್ಟಿಗೆ ಎಸೆದುಬಿಡುವ ಪ್ರಮಾದವು ಸಾಮಾನ್ಯ. ಕಸವನ್ನು ಹೊರಚೆಲ್ಲುವ ಮೊದಲೇ ಬಿಳಿಯ ಕಾಗದದ ಮೇಲೆ ಆ ಕೊಂಬೆಗಳನ್ನು ಹರಡಿ, ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೆಲ್ಲನೆ ಮುಟ್ಟಿ ನೋಡಬೇಕು. ಕಡ್ಡಿಗೆ ಕಾಲುಗಳಿಲ್ಲ, ಹುಳುವಿಗೆ ಆರಿವೆ. ಕಣ್ಣಿಗೆ ಮೋಸವಾದರೂ ಎಣಿಕೆಗೆ ಮೋಸವಾಗದು.

ಅಲ್ಲಿಯೂ ಇಲ್ಲವಾದರೆ ಕೋಣೆಯ ಶೋಧನೆಗೆ ತೊಡಗಬೇಕು. ಸಾಮಾನ್ಯವಾಗಿ ಜನರು ಬಿದ್ದ ನಾಣ್ಯವನ್ನು ಹುಡುಕುವಂತೆ ನೆಲವನ್ನೇ ತಡಕುವರು. ನಾಣ್ಯಕ್ಕೆ ಇಚ್ಛೆಯಿಲ್ಲ, ಬಿದ್ದಲ್ಲಿ ಬಿದ್ದಿರುವುದು. ಹುಳುವಿಗೆ ಇಚ್ಛೆಯುಂಟು, ಅದಕ್ಕೆ ಮೇಲೇರುವುದೇ ಪ್ರಿಯ. ಗಿಡದ ಮೇಲೆ ಬಾಳುವ ಜೀವಕ್ಕೆ ನೆಲವೆಂದರೆ ಭಯದ ಸ್ಥಾನ, ಮೇಲೆಂದರೆ ಎಲೆಯಿರುವ ತಾಣ. ಅದು ನಡೆಯುವಾಗ ಉದ್ದವಾದ ಕುಡಿಮೀಸೆಗಳಿಂದ ಮುಂದಿನ ದಾರಿಯನ್ನು ತಡಕುವುದು. ನಿಂತ ವಸ್ತುವೊಂದು ಮೀಸೆಗೆ ತಾಕಿದರೆ ಮುಂಗಾಲನ್ನು ಅದರ ಮೇಲಿಟ್ಟು ಏರತೊಡಗುವುದು. ಮುಂಗಾಲು ಊರಿದ ಎಡೆಯ ಸಮೀಪದಲ್ಲಿಯೇ ನಡುಗಾಲನ್ನೂ, ನಡುಗಾಲಿನ ಎಡೆಯ ಸಮೀಪದಲ್ಲಿಯೇ ಹಿಂಗಾಲನ್ನೂ ಊರುವುದು. ಮುಂಗಾಲಿಗೆ ಹಿಡಿತ ಸಿಕ್ಕ ಮೇಲೆ ಉಳಿದ ಕಾಲುಗಳಿಗೆ ಬೇರೆ ಹುಡುಕಾಟ ಬೇಕಿಲ್ಲ. ಆದುದರಿಂದ ಪೆಟ್ಟಿಗೆಯ ಬಳಿ ನಿಂತು, ಅಲ್ಲಿಂದ ಏರಬಹುದಾದ ವಸ್ತುಗಳು ಯಾವುವು ಎಂದು ಕ್ರಮವಾಗಿ ಪಟ್ಟಿಮಾಡಬೇಕು. ಕಿಟಕಿಯ ಪರದೆ ಮತ್ತು ಅದನ್ನು ತೂಗುಹಾಕಿದ ಕೋಲು, ಗೋಡೆಯ ಚಿತ್ರಪಟದ ಚೌಕಟ್ಟು, ಪುಸ್ತಕದ ಕಪಾಟು, ದೀಪದ ತಂತಿ, ಬಟ್ಟೆ ತೂಗುವ ಗೂಟ, ಕುಂಡದ ಗಿಡ, ಬಾಗಿಲ ಮೇಲಂಚು, ಕೊನೆಗೆ ಗೋಡೆಯೂ ಸೂರೂ ಕೂಡುವ ಮೂಲೆ. ಪೆಟ್ಟಿಗೆಗೆ ತೀರ ಹತ್ತಿರವಾದುದರಿಂದ ಮೊದಲುಮಾಡಿ ಸುತ್ತುತ್ತ ಹೊರಕ್ಕೆ ಹೋಗಬೇಕು.

ಹಗಲಿನ ಶೋಧನೆಯಲ್ಲಿ ಬಣ್ಣವನ್ನು ನಂಬಬಾರದು. ಕಂದು ಬಣ್ಣದ ಹುಳು ಹಗಲಿಗಿಂತ ಇರುಳಿನಲ್ಲಿ ಹೆಚ್ಚು ಕಪ್ಪಾಗುವುದುಂಟು. ಆಕಾರವನ್ನು ನಂಬಬೇಕು. ಮನೆಯ ವಸ್ತುಗಳ ಗೆರೆಗಳು ಬಹುಮಟ್ಟಿಗೆ ನೇರ. ಅವುಗಳ ನಡುವೆ ಕಾರಣವಿಲ್ಲದೆ ಓರೆಯಾಗಿ ನಿಂತ ಗೆರೆ, ಪರದೆಯ ಮಡಿಕೆಯಲ್ಲಿ ಮಡಿಕೆಯಲ್ಲದ ಒಂದು ಕಡ್ಡಿ, ಚೌಕಟ್ಟಿನ ಅಂಚಿನಿಂದ ಚಾಚಿದ ಎಳೆ, ಇಂತಹವುಗಳ ಮೇಲೆ ದೃಷ್ಟಿಯನ್ನು ನಿಲ್ಲಿಸಬೇಕು. ಹೊಸದಾಗಿ ಹುಟ್ಟಿದ ಮರಿಯಾದರೆ ಶೋಧನೆ ಇನ್ನೂ ಕಷ್ಟ. ಅದರ ಉದ್ದ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ದಪ್ಪ ನೂಲಿನಷ್ಟು. ಬೆಳೆದ ಹುಳು ಬೆರಳಗಲದ ಸಂದಿಯಿಂದ ಹೊರಟರೆ ಮರಿಯು ಜಾಳಿಗೆಯ ಕಣ್ಣಿನಿಂದಲೇ ಹೊರಡಬಲ್ಲುದು.

ಹುಳುವು ಕಾಣದಿದ್ದರೂ ಅದರ ಕುರುಹು ಕಾಣುವುದು. ಮೇದ ಹುಳು ಹಿಕ್ಕೆಯನ್ನು ಹಾಕುವುದು. ಸಣ್ಣ ಒಣ ಕಡ್ಡಿಯ ತುಣುಕುಗಳಂತೆ ಅದು ಕೆಳಗೆ ಉದುರಿರುವುದು. ಬೆಳೆದ ಹೆಣ್ಣು ಮೊಟ್ಟೆಯನ್ನು ಎಲ್ಲಿಯೂ ಅಂಟಿಸದೆ ಇದ್ದಲ್ಲಿಂದಲೇ ಕೆಳಕ್ಕೆ ಬೀಳಿಸುವುದು. ಎರಡು ಮೂರು ಮಿಲಿಮೀಟರ್ ಗಾತ್ರದ, ಕಂದು ಬಣ್ಣದ, ತುದಿಯಲ್ಲಿ ಹಳದಿಯ ಗುಬುಟುಳ್ಳ ಆ ಮೊಟ್ಟೆಯನ್ನು ನೋಡಿದವರು ಯಾವುದೋ ಗಿಡದ ಬೀಜವೆಂದೇ ಭ್ರಮಿಸುವರು. ಆದುದರಿಂದ ಪರದೆಯ ಕೆಳಗೆ, ಕಪಾಟಿನ ಬುಡದಲ್ಲಿ, ಕಿಟಕಿಯ ಹಲಗೆಯ ಮೇಲೆ ಬಿಳಿಯ ಕಾಗದಗಳನ್ನು ಹಾಸಿಡುವುದು ಒಳ್ಳೆಯ ಉಪಾಯ. ಮರುದಿನ ಯಾವ ಕಾಗದದ ಮೇಲೆ ಹಿಕ್ಕೆಯೋ ಮೊಟ್ಟೆಯೋ ಬಿದ್ದಿರುವುದೋ ಅಲ್ಲಿ ನಿಂತು ನೇರವಾಗಿ ಮೇಲಕ್ಕೆ ನೋಡಬೇಕು. ಕುಂಡದ ಗಿಡದ ಎಲೆಯ ಅಂಚು ಹೊಸದಾಗಿ ಅರ್ಧಚಂದ್ರಾಕಾರದಲ್ಲಿ ಕಡಿದುಹೋಗಿದ್ದರೆ ಅದೂ ಒಂದು ಸಾಕ್ಷಿ.

ಹಗಲೆಲ್ಲ ಹುಡುಕಿ ಬೇಸತ್ತವರಿಗೆ ಇರುಳು ನೆರವಾಗುವುದು. ನಿಶ್ಚಲವಾದ ಕಡ್ಡಿಯನ್ನು ಗುರುತಿಸುವುದು ದುಸ್ಸಾಧ್ಯ. ನಡೆಯುವ ಕಡ್ಡಿಯನ್ನು ಗುರುತಿಸುವುದು ಸುಲಭ. ದೀಪಗಳನ್ನು ಆರಿಸಿ, ಒಂದೆರಡು ಗಂಟೆಗಳ ಕಾಲ ಕೋಣೆಯನ್ನು ನಿಶ್ಶಬ್ದವಾಗಿ ಬಿಟ್ಟು, ಅನಂತರ ಟಾರ್ಚನ್ನು ಹಿಡಿದು ಮೆಲ್ಲನೆ ಒಳಹೊಗಬೇಕು. ಬೆಳಕನ್ನು ಗೋಡೆಗೆ ಎದುರಾಗಿ ಬಿಡದೆ ಗೋಡೆಯ ಉದ್ದಕ್ಕೂ ಓರೆಯಾಗಿ ಹಾಯಿಸಬೇಕು. ಆಗ ಹುಳುವು ಕಾಣದಿದ್ದರೂ ಅದರ ನೀಳವಾದ ನೆರಳು ಗೋಡೆಯ ಮೇಲೆ ಮೂಡುವುದು. ಉಸಿರು ತಾಕಿದರೆ ಹುಳುವು ಗಾಳಿಗೆ ತೂಗುವ ಕಡ್ಡಿಯಂತೆ ಮೈಯನ್ನು ಅತ್ತಿತ್ತ ತೂಗಾಡಿಸುವುದು. ಶತ್ರುವಿನ ಕಣ್ಣನ್ನು ತಪ್ಪಿಸಲು ಅದು ಹೂಡುವ ಈ ಉಪಾಯವೇ ಗಾಳಿಯಾಡದ ಕೋಣೆಯಲ್ಲಿ ಅದನ್ನು ತೋರಿಸಿಕೊಡುವುದು.

ಇದರೊಡನೆ ಕರೆಯುವ ವಿಧಾನವೂ ಉಂಟು. ಅದು ತಿನ್ನುವ ಸೊಪ್ಪಿನ ಎಳೆಯ ಕೊಂಬೆಗಳನ್ನು ಇಕ್ಕಟ್ಟಾದ ಬಾಯಿಯ ಕುಡಿಕೆಯಲ್ಲಿ ನೀರು ತುಂಬಿ ನಿಲ್ಲಿಸಿ, ಹುಳುವು ಒಳಗೆ ಬಿದ್ದು ಮುಳುಗದಂತೆ ಬಾಯಿಗೆ ಹತ್ತಿಯನ್ನು ಗಿಡಿಯಬೇಕು. ಎಲೆಗಳ ಮೇಲೆ ನೀರನ್ನು ನವುರಾಗಿ ಸಿಂಪಡಿಸಬೇಕು. ಇಂತಹ ಒಂದು ಕುಡಿಕೆಯನ್ನು ನೆಲದ ಮೇಲೆ ಗೋಡೆಗೆ ತಾಕಿದಂತೆಯೂ ಇನ್ನೊಂದನ್ನು ಎತ್ತರದಲ್ಲಿ ಪರದೆಗೆ ತಾಕಿದಂತೆಯೂ ಇಡಬೇಕು. ಎಲೆಗಳು ಗೋಡೆಯನ್ನೋ ಪರದೆಯನ್ನೋ ಮುಟ್ಟಿರುವುದು ಮುಖ್ಯ. ಅಲೆಯುತ್ತಿರುವ ಹುಳುವಿನ ಮೀಸೆಗೆ ಎಲೆ ತಾಕಿದರೆ ಅದು ಮುಂದೆ ಹೋಗದೆ ಅಲ್ಲಿಯೇ ನಿಲ್ಲುವುದು. ಬೆಳಗ್ಗೆ ಬಂದು ನೋಡಿದಾಗ ನಿನ್ನೆ ಇಲ್ಲದ ಒಂದು ಕಡ್ಡಿ ಆ ಕೊಂಬೆಯಲ್ಲಿ ಇರಬಹುದು.

ಸಿಕ್ಕಿದಾಗಲೂ ಎಚ್ಚರ ಬೇಕು. ಕಾಲನ್ನು ಹಿಡಿದು ಎಳೆದರೆ ಹುಳುವು ಆ ಕಾಲನ್ನೇ ಕಳಚಿಕೊಡುವುದು. ಮರಿಯಾದರೆ ಮುಂದಿನ ಬಾರಿ ಪೊರೆ ಬಿಡುವಾಗ ಹೊಸ ಕಾಲು ಮೊಳೆತೀತು. ಬೆಳೆದ ಹುಳುವಿಗೆ ಮುಂದೆ ಪೊರೆ ಬಿಡುವ ಯೋಗವಿಲ್ಲದುದರಿಂದ ಹೋದ ಕಾಲು ಹೋದಂತೆಯೇ. ಆದುದರಿಂದ ಅಂಗೈಯನ್ನೋ ಕಾಗದದ ತುಂಡನ್ನೋ ಅದರ ಮುಂದಿಟ್ಟು, ಬಾಲದ ತುದಿಯನ್ನು ಮೆಲ್ಲನೆ ಸೋಕಿದರೆ ತಾನಾಗಿ ಮುಂದಕ್ಕೆ ನಡೆದು ಕೈಯೇರುವುದು. ಒಂದು ವೇಳೆ ಅದು ತಲೆಕೆಳಗಾಗಿ ತೂಗುತ್ತ ಪೊರೆ ಬಿಡುತ್ತಿದ್ದರೆ ಮುಟ್ಟಲೇಬಾರದು. ಆಗ ಅದರ ಮೈ ಹಸಿ ಮಣ್ಣಿನಂತೆ ಮೃದುವಾಗಿರುವುದು. ಮುಟ್ಟಿದರೆ ಜನ್ಮವಿಡೀ ಸೊಟ್ಟಗಾಗಿಯೇ ಉಳಿಯುವುದು. ಆ ಎಡೆಗೆ ಗುರುತಿಟ್ಟು, ಮೈ ಗಟ್ಟಿಯಾಗುವವರೆಗೆ ಕಾವಲಿರಬೇಕು. ಮರಳಿ ಪೆಟ್ಟಿಗೆಗೆ ಸೇರಿಸಿದ ಬಳಿಕ ಎಲೆಗೆ ನೀರು ಚಿಮುಕಿಸಿ, ಅದು ಮೇಯುವುದೋ ಇಲ್ಲವೋ ಎಂಬುದನ್ನು ಆ ರಾತ್ರಿ ನೋಡಿಕೊಳ್ಳಬೇಕು.

ಮೇಲೆ ಹೇಳಿದ ಕ್ರಮವು ಕಡ್ಡಿಹುಳುವಿಗೆ ಸಲ್ಲುವಂಥದು; ಎಲ್ಲ ಕೀಟಗಳಿಗೂ ಇದನ್ನೇ ಅನ್ವಯಿಸಿದರೆ ಶ್ರಮ ವ್ಯರ್ಥವಾಗುವುದು. ಚಿಮ್ಮಂಡೆಯು ಮೇಲೇರುವುದಿಲ್ಲ, ಕೆಳಗಿನ ಕತ್ತಲೆಯನ್ನೂ ಬೆಚ್ಚನೆಯ ಸಂದುಗಳನ್ನೂ ಅರಸುವುದು. ಅದನ್ನು ಒಲೆಯ ಹಿಂಬದಿಯಲ್ಲಿಯೂ ಪೆಟ್ಟಿಗೆಗಳ ಅಡಿಯಲ್ಲಿಯೂ ನೋಡಬೇಕು. ಗಂಡಾದರೆ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ನಾದಗೈಯುವುದರಿಂದ ಕಣ್ಣಿಗಿಂತ ಕಿವಿಯೇ ಇಲ್ಲಿ ಮಾರ್ಗದರ್ಶಿ. ಆದರೆ ನೆಲದ ಕಂಪನವನ್ನೂ ಗಾಳಿಯ ಅಲುಗನ್ನೂ ಅದು ಬಲು ಬೇಗ ಅರಿಯುವುದು. ಹೆಜ್ಜೆ ಹತ್ತಿರವಾದೊಡನೆ ಮೌನ ತಾಳುವುದು. ಇಬ್ಬರು ಕೋಣೆಯ ಎರಡು ಮೂಲೆಗಳಲ್ಲಿ ಅಲುಗದೆ ಕುಳಿತು, ದನಿ ಬಂದ ದಿಕ್ಕಿಗೆ ಇಬ್ಬರೂ ಕೈತೋರಿದರೆ ಎರಡು ಗೆರೆಗಳು ಕೂಡುವಲ್ಲಿ ಅದು ಇರುವುದು. ಹೆಣ್ಣು ಹಾಡದು, ಅದಕ್ಕೆ ತೌಡನ್ನೂ ತರಕಾರಿಯ ಹೋಳನ್ನೂ ಹಾಕಿದ ಆಳವಾದ ನುಣುಪು ಪಾತ್ರೆಯನ್ನು, ಏರಲು ಹೊರಗಿನಿಂದ ಒಂದು ಕಡ್ಡಿಯನ್ನು ಒರಗಿಸಿ ಇಟ್ಟರೆ ಒಳಗೆ ಬಿದ್ದು ಹೊರಬರಲಾರದೆ ಸಿಕ್ಕುವುದು. ಜಪಾನಿನ ಮಕ್ಕಳು ಸಾಕುವ ಕೊಂಬಿನ ದುಂಬಿಯ ಬಗೆಯೇ ಬೇರೆ. ವೀರನ ಶಿರಸ್ತ್ರಾಣವನ್ನು ಹೋಲುವುದರಿಂದ ಅದಕ್ಕೆ ಕಬುತೊಮುಷಿ ಎಂಬ ಹೆಸರು. ಅದು ಬಲಶಾಲಿ, ಹಗುರವಾದ ಮುಚ್ಚಳವನ್ನು ತಾನೇ ಎತ್ತಿ ಹೊರಡುವುದು. ರಾತ್ರಿ ಸದ್ದುಮಾಡುತ್ತ ದೀಪದತ್ತ ಹಾರುವುದರಿಂದ ಇಲ್ಲಿ ಕತ್ತಲೆಯಲ್ಲಿ ಒಂದೇ ದೀಪವನ್ನು ಹಚ್ಚಿ ಕಾಯುವುದೂ, ಮಾಗಿದ ಬಾಳೆಯ ಹಣ್ಣನ್ನು ಇಡುವುದೂ ತಕ್ಕ ಉಪಾಯಗಳು. ಒಂದು ಏರುವುದು, ಒಂದು ಇಳಿಯುವುದು, ಒಂದು ಬೆಳಕಿಗೆ ಹಾರುವುದು. ಒಂದನ್ನು ಹುಡುಕುವ ದಾರಿ ಇನ್ನೊಂದಕ್ಕೆ ಆಗಿಬರದು.

ಎಲ್ಲವನ್ನೂ ಮಾಡಿದರೂ ಸಿಕ್ಕದಿರುವ ಸಂದರ್ಭ ಉಂಟು. ಒಂದು ದಿನದ ಶೋಧನೆಯಿಂದ ನಿರಾಶರಾಗಬಾರದು. ಕೊಂಬೆಯ ಕುಡಿಕೆಯನ್ನು ಒಂದೆರಡು ವಾರಗಳವರೆಗಾದರೂ ಬದಲಿಸುತ್ತ ಇಟ್ಟಿರಬೇಕು. ಹಾಗೂ ಸಿಕ್ಕದಿದ್ದರೆ ಬಾಲಕಿಗೆ ಸುಳ್ಳು ಹೇಳಿ ಸಮಾಧಾನ ಮಾಡುವುದು ಸಲ್ಲದು. ತೋಟಕ್ಕೆ ಹೋಗಿ ಸುಖವಾಗಿದೆ ಎಂಬ ಮಾತು ಕೇಳಲು ಹಿತವಾದರೂ ಎರಡು ಬಗೆಯಲ್ಲಿ ಕೆಟ್ಟದು. ಚಳಿಯ ನಾಡಿನಲ್ಲಿ ಹೊರಗೆ ಹೋದ ಈ ಹುಳು ಸುಖವಾಗಿರದು, ಚಳಿಗಾಲದಲ್ಲಿ ಸಾಯುವುದು. ಬೆಚ್ಚನೆಯ ನಾಡಿನಲ್ಲಾದರೆ ಅದು ಬದುಕುವುದು. ಆದರೆ ಅಲ್ಲಿನ ಗಿಡಗಳಿಗೆ ಪೀಡೆಯಾಗುವುದು. ಅಮೆರಿಕದ ಕ್ಯಾಲಿಫೋರ್ನಿಯದ ದಕ್ಷಿಣ ಭಾಗದಲ್ಲಿ ಈ ಕಡ್ಡಿಹುಳು ಹೀಗೆಯೇ ಬೇರೂರಿ ಉದ್ಯಾನಗಳ ಗಿಡಗಳನ್ನು ತಿನ್ನುತ್ತಿರುವುದು. ಆ ದೇಶದಲ್ಲಿ ಕೃಷಿ ಇಲಾಖೆಯ ಅನುಮತಿಯಿಲ್ಲದೆ ಪರದೇಶದ ಕಡ್ಡಿಹುಳುಗಳನ್ನು ಸಾಕುವಂತಿಲ್ಲ. ಇಂಗ್ಲೆಂಡಿನ ನೈಋತ್ಯದ ಕಾರ್ನ್‌ವಾಲ್ ಪ್ರದೇಶದಲ್ಲಿಯೂ ಸಿಲಿ ದ್ವೀಪಗಳಲ್ಲಿಯೂ ನ್ಯೂಜಿಲೆಂಡಿನ ಕಡ್ಡಿಹುಳುಗಳು ನೆಲೆಸಿರುವುವು. ೨೦ನೆಯ ಶತಮಾನದಲ್ಲಿ ಆ ದೇಶದಿಂದ ತಂದ ಸಸ್ಯಗಳೊಡನೆ ಬಂದವು ಅವು. ಗಂಡಿನ ಹಂಗಿಲ್ಲದೆ ವಂಶ ಬೆಳೆಸುವ ಜಾತಿಗಳಲ್ಲಿ ಒಂದೇ ಒಂದು ಹೆಣ್ಣು, ಒಂದೇ ಒಂದು ಮೊಟ್ಟೆ ತಪ್ಪಿಸಿಕೊಂಡರೂ ಒಂದು ಕುಲವೇ ತಪ್ಪಿಸಿಕೊಂಡಂತೆ.

ಈ ಕಾರಣದಿಂದ ಕಾಣೆಯಾದ ಹುಳುವಿನ ಮೊಟ್ಟೆಗಳನ್ನೂ ಹುಡುಕಿ ಆಯಬೇಕಾಗುವುದು. ಕೋಣೆಯ ಬೆಚ್ಚಗಿನ ಹವೆಯಲ್ಲಿ ಅವು ಮೂರು ನಾಲ್ಕು ತಿಂಗಳಿಗೆ ಒಡೆದು, ಎಲ್ಲರೂ ಮರೆತ ಮೇಲೆ ಪರದೆಯ ಮೇಲೆ ಮರಿಗಳು ಕಾಣಿಸಿಕೊಳ್ಳಬಹುದು. ಒಂದು ಹೆಣ್ಣು ತನ್ನ ಬಾಳಿನಲ್ಲಿ ನೂರಾರು ಮೊಟ್ಟೆಗಳನ್ನು ಇಡುವುದು. ಅವೆಲ್ಲವನ್ನೂ ಸಾಕುವುದು ಯಾರಿಗೂ ಸಾಧ್ಯವಲ್ಲ. ಹೊರಗೆ ಚೆಲ್ಲುವುದು ನ್ಯಾಯವಲ್ಲ. ಆದುದರಿಂದ ಹೆಚ್ಚಾದ ಮೊಟ್ಟೆಗಳನ್ನು ಮರಿಯಾಗುವ ಮುನ್ನವೇ ಶೀತಪೆಟ್ಟಿಗೆಯ ಹಿಮದಲ್ಲಿಟ್ಟು ನಿರ್ಜೀವಗೊಳಿಸುವುದು ಸಾಕುವವರ ರೂಢಿ. ಜೀವದಯೆಯನ್ನು ಕೇಳುತ್ತ ಬೆಳೆದವರಿಗೆ ಈ ಮಾತು ಕಿವಿಗೆ ಕಹಿಯಾಗಿ ತೋರುವುದು ಸಹಜ. ಒಂದು ಹುಳುವನ್ನು ಉಳಿಸಲು ರಾತ್ರಿಯೆಲ್ಲ ಕಾದವರೇ ಅದರ ನೂರು ಮೊಟ್ಟೆಗಳನ್ನು ಕೊಲ್ಲುವುದೆಂತು? ಇದಕ್ಕೆ ಸುಲಭವಾದ ಉತ್ತರವಿಲ್ಲ. ದಯೆಯನ್ನು ಹುಡುಕಾಟದ ದಿನ ತಂದುಕೊಂಡರೆ ಸಾಲದು, ಸಾಕಲು ಎತ್ತಿಕೊಂಡ ದಿನವೇ ತಂದುಕೊಳ್ಳಬೇಕೆಂಬುದಷ್ಟೇ ಇದರಿಂದ ತಿಳಿಯುವುದು. ಹನ್ನೆರಡನ್ನು ಕಾಪಾಡಲಾರದವರು ಎರಡನ್ನೇ ಇಟ್ಟುಕೊಳ್ಳಬೇಕು. ಎರಡನ್ನೂ ಕಾಪಾಡಲಾರದವರು ಬೇಲಿಯ ಗಿಡದ ಮೇಲೆ ಇರುವುದನ್ನು ಅಲ್ಲಿಯೇ ನೋಡಿ ಸಂತೋಷಪಡಬೇಕು.

ಇನ್ನು ಮುಂದೆ ತಪ್ಪಿಸಿಕೊಳ್ಳದಂತೆ ಮಾಡುವ ಕ್ರಮಗಳು ಸರಳವಾದುವು. ಮುಚ್ಚಳ ಭದ್ರವಾಗಿರಬೇಕು. ಮರಿಗಳಿದ್ದಾಗ ಜಾಳಿಗೆಯ ಮೇಲೆ ತೆಳುವಾದ ಬಟ್ಟೆಯನ್ನು ಬಿಗಿಯಬೇಕು. ಸೊಪ್ಪನ್ನು ಹಗಲಿನಲ್ಲಿ, ಹುಳುಗಳು ಜಡವಾಗಿರುವಾಗ ಬದಲಿಸಬೇಕು. ತೆಗೆದ ಕೊಂಬೆಯನ್ನು ಒಂದು ದಿನ ಮತ್ತೊಂದು ಮುಚ್ಚಿದ ಪಾತ್ರೆಯಲ್ಲಿಟ್ಟು, ನೋಡಿ, ಅನಂತರ ಬಿಸುಡಬೇಕು. ದಿನವೂ ಎಣಿಸಿ ಪುಸ್ತಕದಲ್ಲಿ ಬರೆದಿಡಬೇಕು. ಎಣಿಕೆಯಿದ್ದಲ್ಲಿ ನಷ್ಟವು ಅಂದಿಗಂದೇ ತಿಳಿಯುವುದು. ಎಣಿಕೆಯಿಲ್ಲದಲ್ಲಿ ಕಾಣೆಯಾದುದೇ ಕಾಣದು.

ಅಕ್ಕಮಹಾದೇವಿಯು ತೆರಣಿಯ ಹುಳುವನ್ನು ತನ್ನ ವಚನದಲ್ಲಿ ದೃಷ್ಟಾಂತವಾಗಿ ತಂದಿರುವಳು. ನೂಲು ಸುತ್ತಿಕೊಳ್ಳುವ ಅದರ ಬಗೆಯನ್ನು ಕಣ್ಣಿಟ್ಟು ನೋಡಿದವರಿಗಲ್ಲದೆ ಅಂತಹ ದೃಷ್ಟಾಂತವು ದೊರೆಯದು. ಕಡ್ಡಿಹುಳುವನ್ನು ಕಳೆದುಕೊಂಡ ಬಾಲಕಿಯೂ ಅದನ್ನು ಹುಡುಕುವ ನೆಪದಲ್ಲಿ ಹಾಗೆ ನೋಡುವುದನ್ನು ಕಲಿಯುವಳು. ಮೊದಲು ಅವಳು ತನ್ನ ಕೋಣೆಯನ್ನು ತನ್ನ ಎತ್ತರದಿಂದ ಮಾತ್ರ ಬಲ್ಲವಳಾಗಿದ್ದಳು. ಎರಡು ರಾತ್ರಿ ಟಾರ್ಚು ಹಿಡಿದು ನಿಂತ ಮೇಲೆ ಪರದೆಯ ಕೋಲಿನ ಹಿಂಬದಿ, ಚಿತ್ರಪಟದ ಮೇಲಂಚು, ಬಾಗಿಲ ಕೀಲಿನ ಸಂದು ಎಲ್ಲವೂ ಒಂದು ಜೀವಕ್ಕೆ ದಾರಿಯಾಗಿ, ಮರೆಯಾಗಿ, ಅಪಾಯವಾಗಿ ತೋರತೊಡಗುವುವು. ಮೂರನೆಯ ಬೆಳಗ್ಗೆ ಪರದೆಗೆ ತಾಕಿಸಿಟ್ಟ ಕೊಂಬೆಯಲ್ಲಿ ಓರೆಯಾದ ಒಂದು ಕಡ್ಡಿಯನ್ನು ಕಂಡು, ಅದರ ಕಾಲುಗಳನ್ನು ಮೆಲ್ಲನೆ ಎಣಿಸುವಳು. ಆರೂ ಇದ್ದರೆ ಅವಳ ಶ್ರಮವು ಸಾರ್ಥಕ.